ಸ್ಲೇಟಿನ ಮೇಲಿನ ಹದಿನಾಲ್ಕು

ಸಿರಿ, ಚಿನ್ಮಯ,

ಹೋದ ತಿಂಗಳು ಭದ್ರಾವತಿಯಿಂದ ಫೋನ್ ಬಂದು, ನಂಬರ್ ತಾತ ಹೋಗಿಬಿಟ್ಟರು ಎಂದು ತಿಳಿದ ದಿನ ನೀವಿಬ್ಬರೂ ನನ್ನ ಮುಖವನ್ನೇ ನೋಡಿದಿರಿ. ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಸಂಜೆ ಸಿರಿ ನನ್ನ ಪಕ್ಕ ಕೂತು ಹೇಳಿದಳು: "ಅಜ್ಜಿ, ಅವತ್ತು ನಿನ್ನ ತಪ್ಪು ಒಪ್ಕೊಳ್ಳೋಕೆ ಅಂತ ನೀನೇ ಅವರನ್ನ ಕರೆಸಿದ್ಯಲ್ಲ, ಅದು ಸಣ್ಣ ವಿಷಯ ಅಲ್ಲ." ಚಿನ್ಮಯನೂ ಹೌದು ಎಂದ.

ಆ ಮಾತು ಅಂದಿನಿಂದ ನನ್ನನ್ನು ಚುಚ್ಚುತ್ತಿದೆ. ನಾನು ಅವರನ್ನು ಕರೆಸಲಿಲ್ಲ. ಅವರು ಬಾಯಿ ಬಿಡಬಾರದು ಎಂದು ಕೇಳಿಕೊಳ್ಳಲು ನಾನೇ ಬಸ್ಸು ಹತ್ತಿ ಹೋಗಿದ್ದೆ. ಇದನ್ನು ನಿಮ್ಮೆದುರು ಹೇಳಲು ಮೂರು ಸಲ ಹೊರಟೆ. ಮೂರು ಸಲವೂ "ಕಾಫಿ ಬೇಕಾ" ಎಂದು ಕೇಳಿ ಎದ್ದುಬಂದೆ. ನನ್ನ ಸ್ವಭಾವ ನಿಮಗೆ ಗೊತ್ತಿದೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ; ಕಾಪಿ ಬರೆಯುವುದರಲ್ಲಿ ಮಾತ್ರ ಮೊದಲು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಒಂದು ಸಲವೂ ಹೆಸರು ಹಿಡಿದು ಕರೆದವಳಲ್ಲ, ಈಗ ಬರೆದರೆ ಬೇರೆ ಯಾರದೋ ವಿಷಯ ಬರೆದಂತಾಗುತ್ತದೆ.

ಅವರು ವಿನೋಬನಗರದ ನಮ್ಮ ಹಳೆಯ ಬಾಡಿಗೆ ಮನೆಯ ಪಕ್ಕದಲ್ಲಿ ತಂಗಿಯ ಮಗನ ಜೊತೆ ಇದ್ದರು. ಭದ್ರಾವತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಅಳತೆ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಮನೆಯೊಳಗೆ ತಮಿಳು, ಹೊರಗೆ ಕನ್ನಡ. ತೆಳ್ಳಗೆ ಉದ್ದಕ್ಕೆ ಇದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು. ನಮ್ಮ ಮನೆಗೆ ಮೊದಲ ಸಲ ಬಂದವರು ಬಾಗಿಲಲ್ಲಿ ನಿಂತು, "ಅಮ್ಮಾ, ಈ ಹೊಸ್ತಿಲು ಎಡಗಡೆ ಅರ್ಧ ಇಂಚು ಎದ್ದಿದೆ. ಮಗು ಎಡವುತ್ತೆ" ಎಂದರು. ಆಗ ಸಿರಿಗೆ ಹತ್ತು ವರ್ಷ. ಅವಳ ಬಲಪಾದ ಹುಟ್ಟಿನಿಂದ ಒಳಕ್ಕೆ ತಿರುಗಿತ್ತು. ಬಂದವರೆಲ್ಲ ಮೊದಲು ಆ ಕಾಲು ನೋಡಿ ಆಮೇಲೆ ಬೇರೆ ಕಡೆ ನೋಡುತ್ತಿದ್ದರು. ಇವರು ಹೊಸ್ತಿಲು ನೋಡಿದರು.

ಭಾನುವಾರ ಭಾನುವಾರ ನಮ್ಮ ಮನೆಯಲ್ಲಿ ನಿಮಗೂ ಬೀದಿಯ ಮಕ್ಕಳಿಗೂ ಅವರು ಆಡಿಸುತ್ತಿದ್ದ ದಾಳದ ಆಟವನ್ನು ಅವರಿಗೆ ಕಲಿಸಿದ್ದು ತಂಗಿಯ ಮಗ. ಅವನಿಗೆ ಬೇರೆ ಊರಿಗೆ ವರ್ಗವಾದಾಗ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಒಂದು ಡಬ್ಬಿ ತುಂಬ ಬಣ್ಣದ ದಾಳಗಳನ್ನು ಬಿಟ್ಟುಹೋದ. ಪುಸ್ತಕ ಇವರಿಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಅದರಿಂದ ಒಂದೇ ಒಂದು ವಿಷಯ ತೆಗೆದುಕೊಂಡು ಉಳಿದದ್ದನ್ನು ಬಿಟ್ಟರು. ನಿಮಗೆ ಗೊತ್ತಿರುವುದೇ, ಆದರೆ ನಾಳೆ ನಿಮ್ಮ ಮಕ್ಕಳು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ಒಬ್ಬರು ಕಥೆ ಹೇಳುತ್ತಾರೆ. ಮಕ್ಕಳು ಒಬ್ಬೊಬ್ಬರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ಗೋಡೆ ಹತ್ತುತ್ತೇನೆ, ಬೀಗ ಮುರಿಯುತ್ತೇನೆ ಎಂದು ಯಾರಾದರೂ ಹೇಳಿದರೆ, ಅದು ಎಷ್ಟು ಕಷ್ಟ ಎಂದು ಕಥೆ ಹೇಳುವವರು ಒಂದು ನಂಬರ್ ಇಡಬೇಕು. ಆಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ನಂಬರಿನಷ್ಟೋ ಹೆಚ್ಚೋ ಬಿದ್ದರೆ ಆಯಿತು, ಕಡಿಮೆ ಬಿದ್ದರೆ ಆಗಲಿಲ್ಲ.

ಅವರ ಪ್ರಾಣವೆಲ್ಲ ಇದ್ದದ್ದು ಆ ನಂಬರ್ ಇಡುವುದರಲ್ಲಿ. ದಾಳ ಮುಟ್ಟುವ ಮೊದಲೇ ಸ್ಲೇಟಿನ ಮೇಲೆ ಬಳಪದಿಂದ ನಂಬರ್ ಬರೆದು, ಸ್ಲೇಟನ್ನು ನೆಲಕ್ಕೆ ಕವುಚಿ ಇಡುತ್ತಿದ್ದರು. ದಾಳ ನಿಂತ ಮೇಲೆ ಎತ್ತಿ ತೋರಿಸುತ್ತಿದ್ದರು. ಒಮ್ಮೆ ಬರೆದದ್ದನ್ನು ಅವರು ಅಳಿಸಿದ್ದು ನಾನು ನೋಡಿಲ್ಲ. ಬರೆಯುವ ಮುಂಚೆ ಮಾತ್ರ ಕೇಳಿದ್ದೇ ಕೇಳುವುದು.

"ಗೋಡೆ ಎಷ್ಟೆತ್ತರ ಅಂದೆ? ಒದ್ದೆನಾ, ಒಣಗಿದ್ಯಾ? ಕಾಲಿಡೋಕೆ ಸಂದಿ ಇದ್ಯಾ? ಕೈಯಲ್ಲಿ ಏನಿದೆ ನಿನ್ಹತ್ರ?"

ಒಂದು ಭಾನುವಾರ ಚಿನ್ಮಯ ವಾದಕ್ಕೆ ನಿಂತ. ಏಳಡಿ ಗೋಡೆಗೆ ಹದಿನೈದು ಅನ್ಯಾಯ ಅಂತ. ಅವರು ಮಾತಾಡದೆ ಎದ್ದು, ಸ್ಕೇಲು ತೆಗೆದು, ನಮ್ಮ ಕಾಂಪೌಂಡ್ ಗೋಡೆಯನ್ನು ಅಳೆದರು. ಐದೂಕಾಲು ಅಡಿ. "ಹತ್ತು ಮಾರಾಯ" ಎಂದರು. ಚಿನ್ಮಯ ಎರಡು ಸಲ ಜಾರಿ, ಮೂರನೇ ಸಲ ಮೊಣಕೈ ತರಚಿಕೊಂಡು ಹತ್ತಿದ. "ಈಗ ಹೇಳು, ಇನ್ನೂ ಒಂದೂಮುಕ್ಕಾಲು ಅಡಿ ಮೇಲಿದ್ದಿದ್ರೆ?" ಅವನು ಮೊಣಕೈ ನೆಕ್ಕಿಕೊಳ್ಳುತ್ತ, "ಹದಿನಾರು" ಎಂದ. ಮಕ್ಕಳೆಲ್ಲ ನಕ್ಕರು.

ದಾಳವನ್ನೂ ಅವರು ನಂಬುತ್ತಿರಲಿಲ್ಲ. ನನ್ನ ಅಡುಗೆಮನೆಯಲ್ಲಿ ಒಂದು ಲೋಟ ನೀರಿಗೆ ಮುಷ್ಟಿಗಟ್ಟಲೆ ಉಪ್ಪು ಸುರಿದು, ದಾಳಗಳನ್ನು ಒಂದೊಂದಾಗಿ ತೇಲಿಬಿಟ್ಟರು. ಎಷ್ಟು ಸಲ ತಿರುಗಿಸಿದರೂ ಒಂದೇ ಮುಖ ಮೇಲೆ ಬಂದರೆ ಆ ದಾಳ ಒಂದು ಕಡೆ ಭಾರ ಎಂದು ಅರ್ಥವಂತೆ. ಎರಡು ದಾಳ ಫೇಲಾದವು. "ಉಪ್ಪಿನ ಡಬ್ಬ ಖಾಲಿ ಮಾಡಿಬಿಟ್ರಲ್ಲ" ಎಂದು ನಾನು ಮೆಲ್ಲಗೆ ಅಂದೆ. ಅವರೊಡನೆ ನಾನಾಗಿ ಆಡಿದ ಮೊದಲ ಮಾತು ಅದೇ.

ಚಿಕ್ಕ ಮಕ್ಕಳು ನಂಬರ್ ಇಳಿಸಿ ಎಂದು ಅತ್ತರೆ ಅವರು ಕರಗುತ್ತಿರಲಿಲ್ಲ. "ನಂಬರ್ ಗೋಡೇದು, ನಿಂದಲ್ಲ. ಅಳೋ ಬದಲು ಏಣಿ ಹುಡುಕು, ನಾನೇ ಇಳಿಸ್ತೀನಿ" ಎನ್ನುತ್ತಿದ್ದರು. ಇದು ನನಗೆ ಕಠಿಣ ಎನಿಸುತ್ತಿತ್ತು. ಮಕ್ಕಳ ಆಟ ತಾನೆ, ಒಂದೆರಡು ಕಡಿಮೆ ಮಾಡಿದರೆ ಏನು ಗಂಟು ಹೋಗುತ್ತದೆ ಎಂದು ಬಾಗಿಲ ಹಿಂದೆ ಸೊಪ್ಪು ಬಿಡಿಸುತ್ತ ಅಂದುಕೊಳ್ಳುತ್ತಿದ್ದೆ.

ಮಾರನೆಯ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ದನಿ ಹೋಯಿತು. ಗರಗಸ ಎಳೆದಂತೆ ಒಂದೆರಡು ಮಾತು ಮಾತ್ರ ಹೊರಡುತ್ತಿತ್ತು. ಭದ್ರಾವತಿಯಲ್ಲಿ ತಂಗಿಯ ಮನೆಗೆ ಹೋಗಿ ಸೇರಿಕೊಂಡರು. ಇನ್ನು ಆಟ ನಿಂತಿತು ಎಂದು ನೀವು ಸಪ್ಪಗಾದಿರಿ. ಎರಡು ತಿಂಗಳ ಮೇಲೆ ಒಂದು ಭಾನುವಾರ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಸ್ಲೇಟು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದು ಬಂದರು. ಮಕ್ಕಳು ಸುತ್ತ ಕೂತರು. ಅವರು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಆಗ ಅವರು ತಿರುಗಿ ಬಾಗಿಲ ಕಡೆ, ನನ್ನ ಕಡೆ ನೋಡಿ, ಪಕ್ಕದ ಚಾಪೆ ತಟ್ಟಿದರು.

"ನಾನಾ? ನಂಗೆಲ್ಲಿ ಬರುತ್ತೆ!" ಎಂದೆ.

"ಒಂದೂವರೆ ವರ್ಷ ಕೇಳಿದ್ದೀರಿ" ಎಂದು ಸ್ಲೇಟಿನಲ್ಲಿ ಬರೆದರು.

ಹಾಗೆ ನಾನು ಅವರ ಬಾಯಿಯಾದೆ. ಅವರು ಕಿವಿಯಲ್ಲಿ ನಾಲ್ಕು ಮಾತು ಪಿಸುಗುಟ್ಟುವರು, ನಾನು ಅದನ್ನು ಹತ್ತು ಮಾತು ಮಾಡಿ ಹೇಳುವೆ. ನಂಬರ್ ಬರೆಯುವುದು ಅವರು, ಸ್ಲೇಟು ಎತ್ತಿ ಓದುವುದು ನಾನು. ಮಾತು ಅವರದು ಎಂಬ ಧೈರ್ಯಕ್ಕೆ ನನ್ನ ನಾಚಿಕೆ ಎಲ್ಲೋ ಅಡಗಿತು.

ಇನ್ನು ಆ ವಾರದ ವಿಷಯ.

ಸಿರಿ, ನಿನಗೆ ಹನ್ನೆರಡು ತುಂಬಿತ್ತು. ಎಲುಬು ಪೂರ್ತಿ ಬಲಿಯುವ ಮೊದಲು ಪಾದ ಸರಿಮಾಡಬೇಕು, ಇದೇ ಸಮಯ ಎಂದು ಡಾಕ್ಟರು ಹೇಳಿದ್ದರು. ಗುರುವಾರ ಆಪರೇಷನ್, ಬುಧವಾರ ಅಡ್ಮಿಟ್ ಆಗಬೇಕು. ಆದರೆ ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ಆಪರೇಷನ್ ಅರ್ಧ ಕೆಲಸ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಬೇಕಾದವಳು ಮಗು. ಮನಸ್ಸಿಲ್ಲದೆ ಎತ್ತಿಕೊಂಡು ಬಂದರೆ ಪ್ರಯೋಜನವಿಲ್ಲ, ಒಪ್ಪಿಸಿ ಕರೆತನ್ನಿ ಎಂದು. ನೀನು ಒಪ್ಪಲಿಲ್ಲ. ನಿಮ್ಮಮ್ಮ "ಇರುವೆ ಕಚ್ಚಿದ ಹಾಗಿರುತ್ತೆ ಪುಟ್ಟಿ" ಎಂದಳು. ನಿಮ್ಮಪ್ಪ ಸೈಕಲ್ ಕೊಡಿಸುತ್ತೇನೆ ಎಂದ. ನೀನು ಗೋಡೆಗೆ ಮುಖ ಮಾಡಿ ಮಲಗಿದೆ.

ಭಾನುವಾರ ಬೆಳಿಗ್ಗೆ ನಿನಗೆ ಜಡೆ ಹಾಕುತ್ತಿದ್ದೆ. ನೀನು ಹಿಂದಕ್ಕೆ ತಿರುಗದೆ ಹೇಳಿದೆ: "ಅಜ್ಜಿ, ಇವತ್ತು ಆಟದಲ್ಲಿ ನನ್ನ ಹುಡುಗಿ ಹೊಳೆ ದಾಟಿದ್ರೆ ನಾನು ಗುರುವಾರ ಹೋಗ್ತೀನಿ. ದಾಟಲಿಲ್ಲ ಅಂದ್ರೆ ಇಲ್ಲ. ಯಾರಿಗೂ ಹೇಳ್ಬಾರ್ದು, ಆಣೆ."

ನನ್ನ ಕೈ ಜಡೆಯಲ್ಲೇ ನಿಂತಿತು. ಆಣೆ ಇಟ್ಟೆ.

ಅಂದಿನ ಕಥೆಯಲ್ಲಿ ಹೊಳೆಯ ಸೇತುವೆ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ನಿಮ್ಮ ಗುರುವನ್ನು ಸೆರೆಯಲ್ಲಿಟ್ಟಿದ್ದರು. ಸಿರಿಯ ಹುಡುಗಿ ಓಟದಲ್ಲಿ ಜಿಂಕೆ, ಚಿನ್ಮಯ ಕಮ್ಮಾರ. ಸಿರಿ ಆ ದಿನ ಒಂದು ಮಾತೂ ದುಡುಕಲಿಲ್ಲ. ಅಂಬಿಗನನ್ನು ಹುಡುಕಿ ಎಲ್ಲಿ ನೀರು ಕಡಿಮೆ ಎಂದು ಕೇಳಿದಳು. ಹಗ್ಗದ ಒಂದು ತುದಿ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿ ಕಮ್ಮಾರನ ಕೈಗೆ ಕೊಟ್ಟಳು. ಸೆಳವು ಇಳಿಯಲಿ ಎಂದು ಮಧ್ಯಾಹ್ನದವರೆಗೆ ಕಾದಳು. ಇಷ್ಟೆಲ್ಲ ಹೇಳುವಾಗ ಅವಳ ತುಟಿ ಒಣಗಿತ್ತು. ಆಟ ಆಡುವ ಮಗುವಿನ ಮುಖ ಅದಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಸ್ಲೇಟು ಆಗಲೇ ನೆಲದ ಮೇಲೆ ಕವುಚಿ ಬಿದ್ದಿತ್ತು. ದಾಳ ಉರುಳಿ, ಚಾಪೆಯ ಅಂಚಿಗೆ ತಗುಲಿ ನಿಂತಿತು. ಹನ್ನೊಂದು.

ನಾನು ಸ್ಲೇಟು ನನ್ನ ಕಡೆಗೇ ಎತ್ತಿ ಹಿಡಿದು ನೋಡಿದೆ. ಹದಿನಾಲ್ಕು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಸಿರಿ ಮಾತ್ರ ಕಣ್ಣು ಮುಚ್ಚಿದ್ದಳು.

"ಹನ್ನೊಂದು" ಎಂದೆ. ಹೇಳುತ್ತಲೇ ಸೆರಗಿನಿಂದ ಸ್ಲೇಟು ಒರೆಸಿದೆ. "ಸರಿಯಾಗಿ ಹನ್ನೊಂದೇ. ದಾಟಿದೆ ಮಗಳೇ."

ನೀವು ಕೂಗಿಕೊಂಡಿರಿ. ಚಿನ್ಮಯ ತಂಗಿಯನ್ನು ಎತ್ತಿ ತಿರುಗಿಸಿದ. ನನ್ನ ಪಕ್ಕದಲ್ಲಿ ಅವರು ಅಲ್ಲಾಡಲಿಲ್ಲ. ನಾನು ತಿರುಗಿ ನೋಡಲಿಲ್ಲ, ಆದರೆ ಕೆನ್ನೆಯ ಮೇಲೆ ಅವರ ನೋಟ ಬಿಸಿಯಾಗಿ ತಾಗುತ್ತಿತ್ತು. ಮಜ್ಜಿಗೆ ಕುಡಿಯದೆ ಎದ್ದು, ಸ್ಲೇಟು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಆ ರಾತ್ರಿ ಊಟಕ್ಕೆ ಕೂತಾಗ ಸಿರಿ ತಾನಾಗಿಯೇ, "ಗುರುವಾರ ಹೋಗೋಣ" ಎಂದಳು. ನಿಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನಗೆ ಅನ್ನ ಇಳಿಯಲಿಲ್ಲ.

ಸೋಮವಾರ, ಸೀರೆಗೆ ಫಾಲ್ ಹಾಕಿಸಬೇಕು ಎಂದು ಸುಳ್ಳು ಹೇಳಿ ಭದ್ರಾವತಿಯ ಬಸ್ಸು ಹತ್ತಿದೆ. ನಿಮ್ಮಜ್ಜ ಹೋದಮೇಲೆ ಒಬ್ಬಳೇ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅವರು ನಾಳೆಯೋ ನಾಡಿದ್ದೋ ಯಾರಿಗಾದರೂ ಹೇಳಿದರೆ? ಮಗು ಆಸ್ಪತ್ರೆಯ ಬಾಗಿಲಿನಿಂದ ವಾಪಸು ಬಂದರೆ? ಕಾಲು ಹಿಡಿದಾದರೂ ಬಾಯಿ ಮುಚ್ಚಿಸಬೇಕು ಎಂದುಕೊಂಡೆ.

ಅವರ ತಂಗಿ ಬಾಗಿಲು ತೆರೆದು, "ವಾಂಗಮ್ಮಾ, ಒಳಗೆ ಬನ್ನಿ" ಎಂದು ಎರಡು ಭಾಷೆಯಲ್ಲೂ ಕರೆದರು. ಅವರು ಕಿಟಕಿಯ ಹತ್ತಿರ ಕೂತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ತಂಗಿ ಕಾಫಿ ತರಲು ಒಳಗೆ ಹೋದದ್ದೇ ತಡ, ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಜಡೆ ಹಾಕುವಾಗ ಸಿರಿ ಹೇಳಿದ್ದು, ಗುರುವಾರ, ಎಲುಬು ಬಲಿಯುವುದು.

"ನೀವು ಸುಮ್ನಿದ್ರೆ ಸಾಕು. ಮಗು ಒಪ್ಕೊಂಡಿದೆ. ನಿಮಗೆ ಕೈ ಮುಗೀತೀನಿ" ಎಂದೆ.

ಅವರ ಮುಖ ಬಿಳಿಚಿತು. ಹೊಳೆಯ ಮೇಲೆ ಮಗು ಏನನ್ನು ಪಣಕ್ಕಿಟ್ಟಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲವಲ್ಲ. ಬಳಪ ತೆಗೆದು ಬರೆದರು: "ತಪ್ಪು ನನ್ನದು ಮೊದಲು."

ನನಗೆ ಅರ್ಥವಾಗಲಿಲ್ಲ. ಅವರು ಅಳಿಸಿ ಅಳಿಸಿ ಬರೆದರು, ನಡುವೆ ಗರಗಸದ ದನಿಯಲ್ಲಿ ಒಂದೊಂದು ಮಾತು ಆಡಿದರು. ಸಿರಿ ಅಂಬಿಗನನ್ನು ಕೇಳುವ ಮೊದಲೇ, ಹಗ್ಗ ಕಟ್ಟುವ ಮೊದಲೇ ಅವರು ಹದಿನಾಲ್ಕು ಬರೆದಾಗಿತ್ತಂತೆ. ಯಾರಾದರೂ ಒಬ್ಬರು ನೀರಿಗೆ ಬಿದ್ದರೆ ಕಥೆಗೆ ರುಚಿ ಬರುತ್ತದೆ ಎಂದು ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದರಂತೆ.

"ನಾನು ಹೊಳೆ ಅಳೀಲೇ ಇಲ್ಲ" ಎಂದರು.

"ಹಂಗಾದ್ರೆ ಹನ್ನೊಂದು ಅಂದಿದ್ದೇ ಸರಿ ಅಲ್ವಾ?" ನಾನು ಹಗ್ಗ ಸಿಕ್ಕವಳಂತೆ ಹಿಡಿದುಕೊಂಡೆ.

"ಗೊತ್ತಿಲ್ಲ. ನೀವೂ ಅಳೀಲಿಲ್ಲ. ನೀವು ದಾಳ ನೋಡಿ ಹೇಳಿದ್ರಿ."

ಆಮೇಲೆ ಅವರು ತಮ್ಮ ಒಂದು ವಿಷಯ ಹೇಳಿದರು. ಇದನ್ನು ನೀವು ಕೇಳಿಲ್ಲ. ಅವರ ವರ್ಕ್‌ಶಾಪಿನಲ್ಲಿ ಟ್ರಾಕ್ಟರಿಗೂ ಟ್ರಾಲಿಗೂ ಕೊಂಡಿ ಹಾಕುವ ಪಿನ್ನು ಮಾಡುತ್ತಿದ್ದರು. ಪ್ರತಿ ಪಿನ್ನನ್ನೂ ಒಂದು ಉಕ್ಕಿನ ಗೇಜಿನಲ್ಲಿ ತೂರಿಸಿ ನೋಡುವುದು ಇವರ ಕೆಲಸ. ಗೇಜಿಗೆ ಎರಡು ಬಾಯಿ. ಒಂದರಲ್ಲಿ ಪಿನ್ನು ಹೋಗಬೇಕು, ಇನ್ನೊಂದರಲ್ಲಿ ಹೋಗಬಾರದು. ಒಂದು ಸಲ ಒಂದು ರಾಶಿ ಪಿನ್ನು ಹೋಗಬಾರದ ಬಾಯಲ್ಲೂ ಹೋದವು, ಕೂದಲೆಳೆಯಷ್ಟು ಸಣ್ಣ. ಲಾರಿ ಬಾಗಿಲಲ್ಲಿ ನಿಂತಿತ್ತು. ಮಾಲೀಕರು ಹೆಗಲ ಮೇಲೆ ಕೈಹಾಕಿ, "ಇಷ್ಟಕ್ಕೆಲ್ಲ ಏನಾಗುತ್ತೆ ಬಿಡಿ" ಎಂದರು. ಇವರು ಸರಿ ಎಂದು ಬಣ್ಣದ ಗುರುತು ಹಾಕಿದರು. ಕೆಲವು ತಿಂಗಳ ಮೇಲೆ ಒಂದು ಟ್ರಾಲಿ ಏರಿನಲ್ಲಿ ಕಳಚಿ ಹಿಂದಕ್ಕೆ ಉರುಳಿ, ಒಬ್ಬ ಆಳಿನ ಪಾದ ಜಜ್ಜಿಹೋಯಿತು ಎಂದು ಯಾರೋ ಹೇಳಿದರು.

"ನಮ್ಮ ಪಿನ್ನೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಇಪ್ಪತ್ತೆರಡು ವರ್ಷ ಆಯ್ತು."

ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ಒಳಗಿನಿಂದ ತಂಗಿ ಓಡಿಬಂದು ನೀರು ಕೊಟ್ಟು, "ಮಾತಾಡ್ಬೇಡಿ ಅಂದ್ರೆ ಕೇಳಲ್ಲ" ಎಂದು ಅವರನ್ನೂ, ಒಂದು ನೋಟದಲ್ಲಿ ನನ್ನನ್ನೂ ಗದರಿದರು. ಕೆಮ್ಮು ನಿಂತ ಮೇಲೆ ಅವರು ಬರೆದರು: "ನಾಳೆ ಬರ್ತೀನಿ. ಮಗುಗೆ ಹೇಳೋಣ."

"ಅವಳು ಒಲ್ಲೆ ಅಂದ್ರೆ? ಕಾಲು ಹಾಗೇ ಉಳಿದ್ರೆ? ಆ ಪಾಪ ಯಾರ ತಲೆಗೆ?" ನನ್ನ ದನಿ ನನಗೇ ಜೋರು ಎನಿಸಿತು. ಗಂಡಸರೆದುರು ನಾನು ಹಾಗೆ ಮಾತಾಡಿದವಳೇ ಅಲ್ಲ. "ನಿಮಗೇನು, ಹೇಳಿ ಬಸ್ಸು ಹತ್ತಿ ಬರ್ತೀರಿ! ಅವಳ ಜೊತೆ ಬದುಕೋರು ನಾವು!"

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಕಾಫಿ ಮುಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಅವರನ್ನು ಶಪಿಸಿದೆ. ಹೌದು, ಶಪಿಸಿದೆ. ನಾಳೆ ಬಸ್ಸು ತಪ್ಪಲಿ, ಜ್ವರ ಬರಲಿ ಎಂದು ಬೇಡಿಕೊಂಡೆ.

ಮಂಗಳವಾರ ನಾಲ್ಕು ಗಂಟೆಗೆ ಗೇಟಿನ ಸದ್ದಾಯಿತು.

ಮುಂದಿನದು ನಿಮ್ಮ ಕಣ್ಣೆದುರೇ ನಡೆದದ್ದು. ಆದರೂ ನಾನು ಕಂಡಂತೆ ಬರೆಯುತ್ತೇನೆ. ಅವರು ಸಿರಿಯ ಎದುರು ಚಾಪೆಯ ಮೇಲೆ ಕೂತು, ನಂಬರನ್ನು ಅಳೆಯದೆ ಇಟ್ಟೆ, ಕ್ಷಮಿಸು ಎಂದು ಬರೆದು ತೋರಿಸಿದರು. ಅಷ್ಟೇ. ನನ್ನ ವಿಷಯ ಬರೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವರು ನನಗಾಗಿ ಜಾಗ ಬಿಟ್ಟರು. ಸುಮ್ಮನಿದ್ದರೆ ಸುಮ್ಮನೇ ಮುಗಿಯುತ್ತಿತ್ತು.

"ಸ್ಲೇಟಲ್ಲಿ ಹದಿನಾಲ್ಕು ಇತ್ತು ಮಗಳೇ" ಎಂದೆ. "ನಾನು ಸುಳ್ಳು ಓದಿದೆ."

ಸಿರಿ ಎದ್ದು ನಿಂತಳು. "ನೀನೂನಾ ಅಜ್ಜಿ? ಅಮ್ಮ ಇರುವೆ ಅಂತಾಳೆ, ಅಪ್ಪ ಸೈಕಲ್ ಅಂತಾನೆ, ನೀನು ಹನ್ನೊಂದು ಅಂತೀಯ! ಈ ಮನೇಲಿ ನಿಜ ಹೇಳೋರು ಯಾರಾದ್ರೂ ಇದ್ದೀರಾ?"

ಅವರು ಸ್ಲೇಟಿನ ಮೇಲೆ ಎರಡು ಗೆರೆ ಎಳೆದರು, ಹೊಳೆಯ ಎರಡು ದಡ. ಸಿರಿಗೆ ಬಳಪ ಕೊಟ್ಟರು. ಅವಳು ಕೋಪದಲ್ಲೇ ಕೂತು ಅಂಬಿಗ ತೋರಿಸಿದ ಜಾಗ ಗುರುತು ಹಾಕಿದಳು, ಹಗ್ಗ ಬರೆದಳು. ಅವರು ಒಂದೊಂದಕ್ಕೂ ಕೇಳಿದರು. ಹಗ್ಗ ಎಷ್ಟುದ್ದ, ಹಿಡಿದವನ ಕಾಲ ಕೆಳಗೆ ಬಂಡೆಯೋ ಕೆಸರೋ. ಕೊನೆಗೆ ಮೂಲೆಯಲ್ಲಿ ಹತ್ತು ಎಂದು ಬರೆದು, ಈ ಸಲ ಸ್ಲೇಟನ್ನು ಕವುಚದೆ ಎಲ್ಲರಿಗೂ ಕಾಣುವಂತೆ ಇಟ್ಟರು.

ನನಗೆ ಜೀವ ಬಂದಂತಾಯಿತು. ಹತ್ತು! ಇಪ್ಪತ್ತರಲ್ಲಿ ಹನ್ನೊಂದು ಮುಖ ನಮ್ಮ ಕಡೆಗಿವೆ.

ಸಿರಿ ದಾಳ ಬಿಟ್ಟಳು. ಆರು.

ಅಡುಗೆಮನೆಯ ಬಾಗಿಲಲ್ಲಿ ನಿಮ್ಮಮ್ಮ ನಿಂತಿದ್ದಳು. ಅಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಗಿತ್ತು. "ಏನ್ರೀ ಇದು! ಒಪ್ಕೊಂಡಿದ್ದ ಮಗೂನ... ನಾಳೆ ಬೆಳಿಗ್ಗೆ ಅಡ್ಮಿಟ್ ಮಾಡ್ಬೇಕು! ಮತ್ತೊಂದ್ಸಲ ಹಾಕ್ಸಿ" ಎಂದಳು. ಅವರು ಅವಳನ್ನು ನೋಡಿದರು, ಸಿರಿಯನ್ನು ನೋಡಿದರು. ಒಂದು ಮಾತು ಸಾಕಿತ್ತು, ಚಾಪೆಯ ಅಂಚು ತಗುಲಿತು ಎಂದಿದ್ದರೂ ಸಾಕಿತ್ತು.

"ಆರು" ಎಂದರು. "ಆಗಲಿಲ್ಲ."

ನನಗೆ ನೆಲ ಬಾಯಿ ತೆರೆಯಬಾರದೇ ಎನಿಸಿತು. ಸಿರಿ ದಾಳವನ್ನೇ ನೋಡುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ತಾತ, ಆಪರೇಷನ್‌ದು ನಂಬರ್ ಎಷ್ಟು?"

"ಏನಿಲ್ಲ ಪುಟ್ಟಿ..." ಎಂದಳು ನಿಮ್ಮಮ್ಮ.

"ಅಮ್ಮ, ನಿನ್ನ ಕೇಳ್ಲಿಲ್ಲ."

ಅವರು ತಕ್ಷಣ ಬರೆಯಲಿಲ್ಲ. ನಿಮ್ಮಮ್ಮನ ಕಡೆ ತಿರುಗಿ, ಗೋಡೆಯ ಎತ್ತರ ಕೇಳುವಂತೆಯೇ ಕೇಳಿದರು. ಎಷ್ಟು ಉದ್ದ ಕೊಯ್ಯುತ್ತಾರೆ? ಎಲುಬು ಮುಟ್ಟುತ್ತಾರಾ? ಪ್ಲಾಸ್ಟರ್ ಎಷ್ಟು ವಾರ? ನಿಮ್ಮಮ್ಮ ಮೊದಲು ತಡವರಿಸಿದಳು. ಆಮೇಲೆ, ಗೋಡೆಗೆ ಒರಗಿಕೊಂಡು, ಡಾಕ್ಟರು ಹೇಳಿದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದಳು. ಎಲುಬು ಮುಟ್ಟುತ್ತಾರೆ. ಆರು ವಾರ. ಮೊದಲ ಎರಡು ಮೂರು ರಾತ್ರಿ ಮಗು ನಿದ್ದೆ ಮಾಡಲಿಕ್ಕಿಲ್ಲ. ಹೇಳುತ್ತ ಹೇಳುತ್ತ ಅವಳೇ ಅತ್ತಳು. ಸಿರಿ ಅಳಲಿಲ್ಲ.

ಅವರು ಬರೆದರು: "ಮೊದಲ ಮೂರು ದಿನ ಹದಿನೇಳು." ಅದರ ಕೆಳಗೆ: "ವ್ಯಾಯಾಮ, ದಿನಾ ಹದಿಮೂರು."

"ಹೊಳೆಗಿಂತ ಜಾಸ್ತಿ" ಎಂದಳು ಸಿರಿ.

"ಜಾಸ್ತಿ" ಎಂದರು ಅವರು.

ಅವಳು ಸ್ಲೇಟನ್ನು ಕೈಗೆ ತೆಗೆದುಕೊಂಡು ಎರಡು ಸಾಲನ್ನೂ ಮತ್ತೆ ಓದಿದಳು. ಆಮೇಲೆ ಕೇಳಿದ್ದು ಕಾಲಿನ ಮಾತಲ್ಲ.

"ನನ್ನ ಹುಡುಗಿ ಈಗ ನೀರಿಗೆ ಬಿದ್ಲು ಅಲ್ವಾ? ಹಗ್ಗ ಸೊಂಟದಲ್ಲಿ ಇದೆ ತಾನೆ?"

ಅವರು ತಲೆಯಾಡಿಸಿದರು.

"ಆ ಕಡೆ ಹಿಡ್ಕೊಂಡಿರೋದು ಇವನು."

"ಬಿಟ್ಟಿಲ್ಲ ಮಾರಾಯ್ತಿ" ಎಂದ ಚಿನ್ಮಯ.

"ಹಂಗಾದ್ರೆ ಕಥೆ ಇಲ್ಲಿಗೆ ನಿಲ್ಸಿ ತಾತ. ಗುರುವಾರ ಆದ್ಮೇಲೆ ಆಸ್ಪತ್ರೆಗೆ ಬಂದು ಮುಂದಕ್ಕೆ ಹೇಳಿ. ಹೆಂಗೂ ನಿದ್ದೆ ಬರಲ್ಲ ಅಂತಾರಲ್ಲ. ಅಲ್ಲೀವರೆಗೂ ನನ್ನ ನೀರಲ್ಲೇ ಇಟ್ಟಿರಿ. ಮುಳುಗಿಸ್ಬೇಡಿ."

"ಇಲ್ಲ" ಎಂದರು ಅವರು.

ಸಿರಿ, ನೀನು ಸೋತ ದಾಳ ಕೈಯಲ್ಲಿ ಹಿಡಿದುಕೊಂಡೇ ಬುಧವಾರ ಆಟೋ ಹತ್ತಿದೆ. ಶುಕ್ರವಾರ ಅವರು ಆಸ್ಪತ್ರೆಗೆ ಬಂದಾಗ ನೀನು ನೋವಿಗೆ ಹಲ್ಲು ಕಚ್ಚಿಕೊಂಡಿದ್ದೆ. ಅವರನ್ನು ಕಂಡದ್ದೇ, "ಹದಿನೇಳಲ್ಲ ತಾತ, ಹತ್ತೊಂಬತ್ತು!" ಎಂದು ಕಿರುಚಿದೆ. 'ಅಳತೆ ತಪ್ಪಿದೆ, ತಿದ್ದಿದ್ದೇನೆ' ಎಂದು ಬರೆದು ಸ್ಲೇಟನ್ನು ನಿನ್ನ ಮಂಚದ ಕಂಬಿಗೆ ಒರಗಿಸಿದರು. ನರ್ಸಮ್ಮ ಯಾವ ಲೆಕ್ಕ ಇದು ಎಂದು ಕೇಳಿದ್ದಕ್ಕೆ ನಿಮ್ಮಿಬ್ಬರಿಗೂ ಅವರಿಗೂ ನಗು ಬಂತು.

ನೀನು ಹದಿಮೂರು ದಾಟಬೇಕಾದ ದಿನಗಳು ಎಷ್ಟು ಬಂದವು, ಎಷ್ಟು ದಿನ ಹಟ ಮಾಡಿದೆ, ಎಷ್ಟು ದಿನ ನನ್ನನ್ನು ಒದ್ದೆ, ಅದೆಲ್ಲ ನಿನಗೇ ಗೊತ್ತು. ಈಗ ರವೀಂದ್ರನಗರದ ಈ ಮನೆಯ ಮೆಟ್ಟಿಲನ್ನು ನೀನು ಎರಡೆರಡಾಗಿ ಇಳಿಯುತ್ತೀಯ. ಸ್ವಲ್ಪ ಕುಂಟು ಇದೆ. ಇಲ್ಲ ಎಂದು ನಾನು ಹೇಳುವುದಿಲ್ಲ.

ನನ್ನನ್ನು ಮಾತ್ರ ದೊಡ್ಡವಳು ಎಂದುಕೊಳ್ಳಬೇಡಿ. ಸೋಮವಾರ ನಾನು ಬೇಡಿಕೊಂಡದ್ದು ನಡೆದಿದ್ದರೆ, ಅವರಿಗೆ ಬಸ್ಸು ತಪ್ಪಿದ್ದರೆ, ನಾನು ಇಂದಿಗೂ ಹನ್ನೊಂದು ಎಂದೇ ಹೇಳುತ್ತಿದ್ದೆ. ನಾನು ಭದ್ರಾವತಿಗೆ ಹೋದ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಅವರ ತಂಗಿ ಫೋನಿನಲ್ಲಿ ಹೇಳಿದರು, ಕೊನೆಯ ವಾರ ಡಾಕ್ಟರು ಬಂದಾಗಲೆಲ್ಲ ಅಣ್ಣ, ನನಗಿನ್ನು ಎಷ್ಟು ದಿನ ಎಂದು ನೇರವಾಗಿ ಕೇಳುತ್ತಿದ್ದರಂತೆ. ಡಾಕ್ಟರು ಜಾರಿಕೊಂಡರೆ ಬೇಸರಪಡುತ್ತಿದ್ದರಂತೆ.

ಸಿರಿಯ ಆಸ್ಪತ್ರೆಯ ಫೈಲು ಬೀರುವಿನ ಮೇಲಿನ ಹಲಗೆಯಲ್ಲಿದೆ. ಈ ಹಾಳೆಗಳನ್ನು ಅದರೊಳಗೇ ಇಡಿ, ಎಕ್ಸ್‌ರೇಗಳ ಜೊತೆ. ಮನೆ ಬದಲಾಯಿಸುವಾಗ ಹಳೆಯ ಕಾಗದ ಎಂದು ತೂಕಕ್ಕೆ ಹಾಕಬೇಡಿ. ಆ ಫೈಲಿನಲ್ಲಿ ಕೊಯ್ದವರ ಸಹಿ ಇದೆ, ಮಾತ್ರೆ ಕೊಟ್ಟವರ ಸಹಿ ಇದೆ, ನಿಮ್ಮಪ್ಪ ಒಪ್ಪಿಗೆ ಕೊಟ್ಟ ಸಹಿಯೂ ಇದೆ. ನಿಮ್ಮ ನಂಬರ್ ತಾತನದು ಎಲ್ಲೂ ಇಲ್ಲ.